ಬಸುರಿಯಾಗಿದ್ದಾಗ ಡೆಂಗಿ ಬಂದಿತ್ತು, ಮಗುವಿನ ಶಕ್ತಿ ಕುಗ್ಗುತ್ತಾ?

ಪ್ರಶ್ನೆ: ನಾವು ಧಾರವಾಡದವರು, ಪುಣೆಯ ಹಡಪ್ಸರ್‌ನಲ್ಲಿದ್ದೇವೆ. ಆಗಸ್ಟ್‌ನಲ್ಲಿ, ಐದು ತಿಂಗಳಿದ್ದಾಗ ನನಗೆ ಡೆಂಗಿ ಬಂತು. ಪ್ಲೇಟ್‌ಲೆಟ್ 80 ಸಾವಿರಕ್ಕೆ ಇಳಿದಿತ್ತು. ಈಗ ಆರಾಮಿದ್ದೇನೆ, ಸ್ಕ್ಯಾನ್ ನಾರ್ಮಲ್. ಡಿಸೆಂಬರ್ ಕೊನೆಗೆ ಹೆರಿಗೆ. ಆದರೆ ಹೊಟ್ಟೆಯಲ್ಲಿದ್ದಾಗ ಇಂಥ ಜ್ವರ ಬಂದರೆ ಮಗುವಿಗೆ ರೋಗನಿರೋಧಕ ಶಕ್ತಿಯೇ ಇರೋದಿಲ್ಲ ಅಂತ ಪಕ್ಕದ ಮನೆಯ ಕಾಕೂ ಹೇಳ್ತಾರೆ. ಹೌದಾ?
ಓದುಗರು, ಪುಣೆ

ಉತ್ತರ: ಹಾಗೇನಿಲ್ಲ. ಬಹಳಷ್ಟು ವೈರಸ್‌ಗಳನ್ನು ಪ್ಲಾಸೆಂಟಾ (ಮಾಸು) ತಡೆದು ನಿಲ್ಲಿಸುತ್ತದೆ. ರುಬೆಲ್ಲಾ, ಸಿಎಂವಿ (ಸೈಟೋಮೆಗಲೋ ವೈರಸ್), ಜೀಕಾದಂಥ ಕೆಲವು ವೈರಸ್ ಮಾತ್ರ ದಾಟಿಬಿಡುತ್ತವೆ. ಡೆಂಗಿ ಮಗುವಿಗೆ ದಾಟುವ ಭಯ ಜಾಸ್ತಿ ಇರುವುದು ಹೆರಿಗೆ ಹತ್ತಿರವಿದ್ದಾಗ ಜ್ವರ ಬಂದರೆ. ನಿಮ್ಮದು ಆ ಹೊತ್ತಲ್ಲ.

ಕಾಕೂ ಮಾತು ಪೂರ್ತಿ ಸುಳ್ಳೂ ಅಲ್ಲ ಅನ್ನಿ. ವೈರಸ್ ತಾಗದಿದ್ದರೂ ತಾಯಿಯ ಸೋಂಕು ಮಗುವನ್ನು ಬಾಧಿಸುವುದುಂಟು. ಎಚ್‌ಐವಿ ಇರುವ ತಾಯಂದಿರ ಮಕ್ಕಳಿಗೆ, ಸೋಂಕು ತಗಲದೆ ಹುಟ್ಟಿದ್ದರೂ, ನ್ಯುಮೋನಿಯಾದಂಥ ಕಾಯಿಲೆ ಸ್ವಲ್ಪ ಜಾಸ್ತಿಯೇ. ಆದರೆ ಅದು ಮೈಯಲ್ಲೇ ಉಳಿದುಬಿಡುವ ಸೋಂಕು. ವಾರದಲ್ಲಿ ಬಂದು ಹೋದ ಜ್ವರವನ್ನು ಅದರ ಜೊತೆ ತೂಗಬೇಡಿ.

ನನ್ನ ಯೋಚನೆ ಬೇರೆಯೇ ಇದೆ. ಡೆಂಗಿ ವಿರುದ್ಧ ನಿಮ್ಮ ಮೈಯಲ್ಲಿ ಹುಟ್ಟಿದ ಐಜಿಜಿ ಆ್ಯಂಟಿಬಾಡಿಗಳು (ರೋಗಾಣುವನ್ನು ಎದುರಿಸುವ ಪ್ರೋಟೀನ್‌ಗಳು) ಮಗುವಿಗೂ ಹೋಗುತ್ತವೆ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ. ದಿನ ತುಂಬಿ ಹುಟ್ಟಿದ ಮಗುವಿನಲ್ಲಿ ಇವು ತಾಯಿಗಿಂತ ಜಾಸ್ತಿ ಇರುವುದೂ ಉಂಟು. ಮೊದಲ ಕೆಲವು ತಿಂಗಳು ಮಗುವನ್ನು ಕಾಪಾಡುತ್ತವೆ, ಆಮೇಲೆ ಕಮ್ಮಿಯಾಗುತ್ತಾ ಬರುತ್ತವೆ. ತೊಂದರೆ ಇರುವುದು ಇಲ್ಲೇ. ಅಳಿದುಳಿದ ಆ್ಯಂಟಿಬಾಡಿ ವೈರಸ್‌ಗೆ ಅಂಟಿಕೊಳ್ಳುತ್ತದೆ, ಆದರೆ ಕಟ್ಟಿಹಾಕುವಷ್ಟು ಬಲ ಇರುವುದಿಲ್ಲ. ಬದಲಿಗೆ ಅದನ್ನು ಕೈಹಿಡಿದು ಬಿಳಿ ರಕ್ತಕಣದ ಒಳಗೇ ಬಿಟ್ಟುಬರುತ್ತದೆ, ವೈರಸ್ ಬೆಳೆಯುವುದೂ ಅಲ್ಲೇ. ಹಾಗಾಗಿ ಆರು ತಿಂಗಳು ದಾಟಿದ ಕೂಸಿಗೆ ಮೊದಲ ಸಲ ಬಂದ ಡೆಂಗಿಯೇ ಜೋರಾಗಬಹುದು. ಇದು ನಿಮಗೊಬ್ಬರಿಗೇ ಅಲ್ಲ. ಹಿಂದೆಂದೋ ಗೊತ್ತೇ ಆಗದೆ ಡೆಂಗಿ ಬಂದುಹೋದ ತಾಯಂದಿರಿಗೂ ಇದೇ ಮಾತು.

ಲೆಕ್ಕ ಹಾಕಿ. ನಿಮ್ಮ ಮಗುವಿಗೆ ಆರು ತಿಂಗಳು ತುಂಬುವುದು ಜೂನ್ ಕೊನೆಗೆ, ಪುಣೆಯಲ್ಲಿ ಮಳೆ ಹಿಡಿಯುವ ಹೊತ್ತಿಗೆ. ಅಲ್ಲಿಂದ ನವೆಂಬರ್‌ವರೆಗೆ ಡೆಂಗಿ ಕಾಲ. ಮಗುವಿನ ಹಗಲು ನಿದ್ದೆಗೂ ಸೊಳ್ಳೆಪರದೆ ಕಟ್ಟಿ, ಈ ಸೊಳ್ಳೆ ಕಚ್ಚುವುದು ಹಗಲಲ್ಲೇ. ಬಾಲ್ಕನಿಯ ಕುಂಡದ ತಟ್ಟೆ, ಕೂಲರ್, ಯಾರೂ ಬಗ್ಗಿ ನೋಡದ ಫ್ರಿಜ್ ಹಿಂದಿನ ಟ್ರೇ, ಇವನ್ನು ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜಿ. ಜ್ವರ ಬಂದರೆ ಅದೇ ದಿನ ಮಕ್ಕಳ ಡಾಕ್ಟರಿಗೆ ತೋರಿಸಿ. ನಿಮಗೆ ಡೆಂಗಿ ಆಗಿದ್ದನ್ನೂ ಹೇಳಿ. ಜ್ವರ ಇಳಿಯಿತು ಅಂತ ಸುಮ್ಮನಾಗಬೇಡಿ, ಡೆಂಗಿ ಕೆಡುವುದು ಆಗಲೇ. ಹಾಲು ಕುಡಿಯದಿದ್ದರೆ, ಉಚ್ಚೆ ಕಮ್ಮಿಯಾದರೆ, ಕೈಕಾಲು ತಣ್ಣಗಾದರೆ ನೇರ ಆಸ್ಪತ್ರೆಗೆ.

2024ರಲ್ಲಿ ಪುಣೆಯ ಬಸುರಿಯರಲ್ಲೂ ಜೀಕಾ ಸಿಕ್ಕಿತ್ತು, ಹರಡುವುದು ಇದೇ ಸೊಳ್ಳೆ. ಜೀಕಾ ತಾಗಿದರೆ ಮಗುವಿನ ತಲೆ ಚಿಕ್ಕದಾಗಬಹುದು. ಮುಂದಿನ ಸ್ಕ್ಯಾನ್‌ನಲ್ಲಿ ಮಗುವಿನ ತಲೆಯ ಅಳತೆ ಸರಿ ಇದೆಯಾ ಅಂತ ಕೇಳಿಬಿಡಿ. ಫ್ಲೂ ಲಸಿಕೆ, 27ರಿಂದ 36 ವಾರದೊಳಗೆ ಟಿಡ್ಯಾಪ್ (ಧನುರ್ವಾಯು, ಡಿಫ್ತೀರಿಯಾ, ನಾಯಿಕೆಮ್ಮಿನ ಲಸಿಕೆ), ಎರಡರ ಬಗ್ಗೆಯೂ ನಿಮ್ಮ ಡಾಕ್ಟರ್ ಹತ್ತಿರ ಮಾತಾಡಿ. ಫ್ಲೂ, ನಾಯಿಕೆಮ್ಮಿನ ಆ್ಯಂಟಿಬಾಡಿ ಮಗುವಿಗೆ ಸಿಗುವುದೂ ಇದೇ ದಾರಿಯಿಂದ.