ಇಗ್ನೋ ಬಿಎ: ಅಸೈನ್‌ಮೆಂಟಿನ ದಿನ ತಪ್ಪಿದರೆ, ಒಂದು ಪೇಪರ್ ಹೋದರೆ ಏನಾಗ್ತದೆ?

ನೀವು ಕೇಳಿದ್ದು ಇಷ್ಟು: ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಮನೆ, ಹಗಲು ಅಂಗಡಿ ಕೆಲಸ, 2022ರ ಜುಲೈಯಲ್ಲಿ ಇಗ್ನೋ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಬಿಎಗೆ ಸೇರಿದ್ದು. ಎರಡನೇ ವರ್ಷದ ಮೂರು ಪೇಪರ್‌ಗಳ ಪರೀಕ್ಷೆ ಪಾಸಾಗಿದೆ, ಆದರೆ ಅವುಗಳ ಅಸೈನ್‌ಮೆಂಟ್ (ಮನೆಯಲ್ಲೇ ಉತ್ತರ ಬರೆದು ಕೊಡುವುದು) ಕೊಡುವ ದಿನ ತಪ್ಪಿದೆ. ನಾಲ್ಕನೆಯದರಲ್ಲಿ ಅಸೈನ್‌ಮೆಂಟಿಗೆ ನೂರರಲ್ಲಿ 72 ಬಂದಿದೆ, ಪರೀಕ್ಷೆಯಲ್ಲಿ 31. ಎರಡನೇ ವರ್ಷವನ್ನೇ ಪುನಃ ಓದಬೇಕಾ? ಮನೆಯವರು ಬಿಟ್ಟುಬಿಡು ಅಂತಿದ್ದಾರೆ.

ಬಿಡಬೇಡಿ. ನಿಮ್ಮ ವರ್ಷ ಹೋಗಿಲ್ಲ. ನಾನು ಕುಂಬಳೆಯವನು, 2016ರಲ್ಲಿ ಇಗ್ನೋ ಬಿಎಗೆ ಸೇರಿ 2021ರಲ್ಲಿ ಮುಗಿಸಿದೆ. ಮೂರು ವರ್ಷದ ಓದಿಗೆ ಐದು ವರ್ಷ ಹಿಡಿಯಿತು. ನಿಮ್ಮ ಹಾಗೆಯೇ ನಾನೂ ಒಂದು ಹಂತದಲ್ಲಿ ಎಲ್ಲ ಮುಗಿಯಿತು ಅಂತ ಪುಸ್ತಕಗಳನ್ನು ಅಟ್ಟಕ್ಕೆ ಹಾಕಿದ್ದೆ. ನಿಯಮ ಸರಿಯಾಗಿ ಗೊತ್ತಿಲ್ಲದೆ ಆದ ಕೆಲಸ ಅದು.

ಇಗ್ನೋದಲ್ಲಿ ‘ವರ್ಷ ಫೇಲ್’ ಎಂಬುದೇ ಇಲ್ಲ. ಪ್ರತಿ ಪೇಪರಿಗೂ ಅದರದೇ ಲೆಕ್ಕ, ಆ ಲೆಕ್ಕಕ್ಕೆ ಎರಡು ಭಾಗ. ಅಸೈನ್‌ಮೆಂಟಿಗೆ ನೂರರಲ್ಲಿ 30ರ ತೂಕ, ಪರೀಕ್ಷೆಗೆ 70ರದ್ದು. ಬಿಎಯಲ್ಲಿ ಎರಡರಲ್ಲೂ ಬೇರೆ ಬೇರೆಯಾಗಿ ಶೇಕಡಾ 35 ಬರಬೇಕು. ಎಷ್ಟೋ ಮಂದಿ ಎಡವುವುದು ಈ ‘ಬೇರೆ ಬೇರೆಯಾಗಿ’ ಎಂಬಲ್ಲಿ. ನಿಮ್ಮ ನಾಲ್ಕನೇ ಪೇಪರನ್ನೇ ನೋಡಿ: 72ರ ಶೇಕಡಾ 30 ಅಂದರೆ 21.6, 31ರ ಶೇಕಡಾ 70 ಅಂದರೆ 21.7, ಒಟ್ಟು 43.3. ಒಟ್ಟು ನೋಡಿದರೆ 35 ಯಾವತ್ತೋ ದಾಟಿದೆ. ಆದರೂ ಪರೀಕ್ಷೆಯ 31 ಕಮ್ಮಿ ಆದ್ದರಿಂದ ಗ್ರೇಡ್ ಕಾರ್ಡಿನಲ್ಲಿ ‘ನಾಟ್ ಕಂಪ್ಲೀಟೆಡ್’ ಅಂತಲೇ ತೋರಿಸ್ತದೆ. ಹಾಗಂತ ಆ 72 ಎಲ್ಲಿಗೂ ಹೋಗುವುದಿಲ್ಲ, ಅಲ್ಲೇ ಇರ್ತದೆ. ಆ ಪೇಪರಿಗೆ ಅಸೈನ್‌ಮೆಂಟ್ ಪುನಃ ಬರೆಯುವುದು ಬೇಡ, ಪರೀಕ್ಷೆ ಮಾತ್ರ ಬರೆದರೆ ಸಾಕು. ಉಳಿದ ಮೂರರದ್ದು ಇದಕ್ಕೆ ತಿರುಗಾಮುರುಗಾ: ಪರೀಕ್ಷೆಯ ಮಾರ್ಕು ಕಾದು ಕೂತಿದೆ, ಅಸೈನ್‌ಮೆಂಟ್ ಬರುವುದೊಂದೇ ಬಾಕಿ.

ಇನ್ನು ತಪ್ಪಿಹೋದ ದಿನದ ವಿಷಯ. ಸಾಮಾನ್ಯವಾಗಿ ಜೂನ್ ಪರೀಕ್ಷೆಗೆ ಮಾರ್ಚ್–ಏಪ್ರಿಲ್‌ನಲ್ಲಿ, ಡಿಸೆಂಬರ್ ಪರೀಕ್ಷೆಗೆ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಅಸೈನ್‌ಮೆಂಟ್ ಕೊಡುವ ಕೊನೆಯ ದಿನ ಇರ್ತದೆ. ಎಷ್ಟೋ ಸಲ ಅದನ್ನು ಮುಂದೆಯೂ ಹಾಕ್ತಾರೆ, ವೆಬ್‌ಸೈಟ್ ನೋಡ್ತಾ ಇರಿ. ಒಂದು ಸಲ ತಪ್ಪಿದರೆ ಮುಂದಿನ ಸಲ ಕೊಡಬಹುದು. ಆದರೆ ಅಲ್ಲೊಂದು ಗುಂಡಿ ಉಂಟು, ನಾನು ಬಿದ್ದದ್ದು ಅದರಲ್ಲೇ. ಪ್ರಶ್ನೆಗಳು ಪ್ರತಿ ವರ್ಷ ಬದಲಾಗ್ತವೆ. ನೀವು ಕೊಡುವಾಗ ಯಾವ ವರ್ಷದ ಪ್ರಶ್ನೆಪತ್ರಿಕೆ ಚಾಲ್ತಿಯಲ್ಲಿದೆಯೋ ಅದಕ್ಕೇ ಉತ್ತರ ಬರೆಯಬೇಕು.

2018ರಲ್ಲಿ ನಾನು ನಾಲ್ಕು ಪೇಪರಿನ ಅಸೈನ್‌ಮೆಂಟ್ ಬರೆದು, ಅಂಗಡಿಗೆ ಒಂದು ದಿನ ರಜೆ ಹಾಕಿ, ಅದನ್ನು ಕೊಡಬೇಕಾದ ಕಾಸರಗೋಡಿನ ಇಗ್ನೋ ಸ್ಟಡಿ ಸೆಂಟರಿಗೆ ಹೋಗಿದ್ದೆ. ಪ್ರಶ್ನೆಪತ್ರಿಕೆ ನನ್ನದಲ್ಲ, ಗೆಳೆಯನೊಬ್ಬನಿಂದ ತಂದದ್ದು. ಅದು ಹಿಂದಿನ ವರ್ಷದ್ದು ಅಂತ ನೋಡಲೇ ಇಲ್ಲ. ಅಲ್ಲಿದ್ದವರು ಮೊದಲ ಹಾಳೆಯ ಮೇಲ್ಭಾಗದಲ್ಲಿದ್ದ ವರ್ಷದ ಮೇಲೆ ಬೆರಳಿಟ್ಟು, ಒಂದು ಮಾತೂ ಗಟ್ಟಿಯಾಗಿ ಆಡದೆ ನಾಲ್ಕೂ ಫೈಲು ವಾಪಸು ಕೊಟ್ಟರು. ತಪ್ಪು ನನ್ನದೇ. ಕಾಸರಗೋಡಿನಿಂದ ಕುಂಬಳೆಗೆ ಬಸ್ಸಿನಲ್ಲಿ ನಿಂತು ಬರುವಾಗ ಆ ಫೈಲುಗಳ ಭಾರ ಎಷ್ಟೆಂದು ಗೊತ್ತಾಯ್ತು. ಅದರಿಂದ ಆರು ತಿಂಗಳು ಹೋಯ್ತು. ಹಾಗಾಗಿ ಕೈಮುಗಿದು ಹೇಳುವುದು: ಪೆನ್ನು ಹಿಡಿಯುವ ಮೊದಲು ಇಗ್ನೋ ವೆಬ್‌ಸೈಟಿನಿಂದ ನೀವೇ ಪ್ರಶ್ನೆ ಇಳಿಸಿಕೊಳ್ಳಿ, ಮೊದಲ ಪುಟದಲ್ಲಿ ಯಾವ ವರ್ಷದ ಜುಲೈ, ಯಾವ ವರ್ಷದ ಜನವರಿ ತಂಡಕ್ಕೆ ಅಂತ ಬರೆದಿದೆ ನೋಡಿ.

ಬರೆಯುವ ಕೆಲಸ ಎಷ್ಟು ಅಂತಲೂ ಹೇಳ್ತೇನೆ, ಹೆದರಿಕೆ ಕಡಿಮೆಯಾಗ್ಲಿ. ಈಗಿನ ಬಿಎಯ ಹೆಚ್ಚಿನ ಪೇಪರ್‌ಗಳಲ್ಲಿ 20 ಮಾರ್ಕಿನ ಎರಡು ಪ್ರಶ್ನೆ, ಒಂದಕ್ಕೆ 500 ಶಬ್ದ. 10 ಮಾರ್ಕಿನ ಮೂರು, ತಲಾ 250 ಶಬ್ದ. 6 ಮಾರ್ಕಿನ ಐದು, ತಲಾ 100 ಶಬ್ದ. ಎಲ್ಲ ಸೇರಿ ಒಂದು ಪೇಪರಿಗೆ 2,250 ಶಬ್ದ. ಮೂರು ಪೇಪರಿಗೆ 6,750. ರಾತ್ರಿ ಒಂದು ಪ್ರಶ್ನೆಯಂತೆ ಬರೆದರೂ ಒಂದು ತಿಂಗಳಲ್ಲಿ ಮೂರೂ ಮುಗೀತದೆ. ಕೈಬರಹದಲ್ಲೇ ಇರಬೇಕು, ಟೈಪ್ ಮಾಡಿದ್ದು ನಡೆಯುವುದಿಲ್ಲ. ಇನ್ನೊಬ್ಬರದ್ದನ್ನು ಇದ್ದ ಹಾಗೆ ನಕಲು ಮಾಡಿದರೆ ಇಬ್ಬರದ್ದೂ ತಿರಸ್ಕಾರ ಆಗುವ ಸಾಧ್ಯತೆ ಉಂಟು.

ನಮ್ಮ ಕಡೆಯ ಮಕ್ಕಳ ನಿಜವಾದ ಕಷ್ಟ ಬೇರೆಯೇ. ಪ್ಲಸ್ ಟು ವರೆಗೆ ಕನ್ನಡ ಮಾಧ್ಯಮ, ಪೇಟೆಯಲ್ಲಿ ಮಲಯಾಳ, ಮನೆಯಲ್ಲಿ ತುಳುವೋ ಹವ್ಯಕವೋ ಕೊಂಕಣಿಯೋ, ಪುಸ್ತಕ ನೋಡಿದರೆ ಇಂಗ್ಲಿಷ್. ನಾನು ಮೊದಲು ಪಾಠ ಓದಿ, ಪುಸ್ತಕ ಮುಚ್ಚಿ, ಉತ್ತರವನ್ನು ಕನ್ನಡದಲ್ಲಿ ಏಳೆಂಟು ಸಾಲು ಗೀಚುತ್ತಿದ್ದೆ. ಆಮೇಲೆ ಅದನ್ನೇ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯ ಮಾಡಿ ಬರೆಯುತ್ತಿದ್ದೆ. ನಿಧಾನವಾಯ್ತು ನಿಜ. ಆದರೆ ಪರೀಕ್ಷೆಯ ಹಾಲಿನಲ್ಲಿ ಕೈ ಓಡಿದ್ದು ಅದರಿಂದಲೇ. ಅಸೈನ್‌ಮೆಂಟನ್ನು ಒಂದು ಕಂದಾಯ ಕಟ್ಟಿದ ಹಾಗೆ ಕೊಟ್ಟು ಬರಬೇಡಿ. ಇನ್ನೊಂದು ಕಾರಣವೂ ಉಂಟು: ಒಮ್ಮೆ ಪಾಸು ಮಾರ್ಕು ಬಂದರೆ ಅದೇ ಗಟ್ಟಿ, ಹೆಚ್ಚು ಮಾಡಿಕೊಳ್ಳಲಿಕ್ಕೆ ಪುನಃ ಕೊಡಲಿಕ್ಕಾಗುವುದಿಲ್ಲ.

ಪ್ರತಿ ಪೇಪರ್ ಬೇರೆ ಬೇರೆ ಫೈಲು, ಮೇಲೆ ಎನ್‌ರೋಲ್‌ಮೆಂಟ್ ನಂಬರು, ಪೇಪರಿನ ಕೋಡು, ಸ್ಟಡಿ ಸೆಂಟರಿನ ಕೋಡು. ಕೊಟ್ಟ ಮೇಲೆ ಸೀಲು ಬಿದ್ದ ರಸೀದಿ ಕೈಗೆ ಬರದೆ ಅಲ್ಲಿಂದ ಕದಲಬೇಡಿ. ನನ್ನ ಅಮ್ಮ ಆ ಚೀಟಿಗಳನ್ನು ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನೊಳಗೆ ಇಟ್ಟಿದ್ದರು, ಇವತ್ತಿಗೂ ಅಲ್ಲೇ ಇವೆ. ಬರೆದದ್ದನ್ನೆಲ್ಲ ಫೋನಿನಲ್ಲಿ ಪುಟಪುಟ ಫೋಟೊ ಹಿಡಿದಿಡಿ. ಮಾರ್ಕು ಗ್ರೇಡ್ ಕಾರ್ಡಿಗೆ ಏರಲಿಕ್ಕೆ ಸಮಯ ಹಿಡೀತದೆ. ತುಂಬ ದಿನವಾದರೂ ಕಾಣದಿದ್ದರೆ ರಸೀದಿಯ ನಕಲು ಇಟ್ಟು ಮೊದಲು ಸ್ಟಡಿ ಸೆಂಟರಿಗೆ, ಆಮೇಲೆ ಪ್ರಾದೇಶಿಕ ಕೇಂದ್ರಕ್ಕೆ ಬರೆಯಬೇಕು. ಕಾಸರಗೋಡು ಜಿಲ್ಲೆಯವರಿಗೆ ಅದು ವಡಗರ. ನಮ್ಮವರು ಹತ್ತಿರ ಅಂತ ಮಂಗಳೂರಿಗೆ ಓಡ್ತಾರೆ, ಅಲ್ಲಿ ನಮ್ಮ ಫೈಲು ಇಲ್ಲ.

31 ಬಂದ ಪೇಪರಿಗೆ ಮುಂದಿನ ಪರೀಕ್ಷೆಯ ಫಾರಂ ನೀವೇ ಆನ್‌ಲೈನ್ ತುಂಬಬೇಕು. ಹಿಂದೆ ಸೇರಿದ್ದೇನೆ ಅಂತ ಹಾಲ್ ಟಿಕೆಟ್ ತಾನಾಗಿ ಬರುವುದಿಲ್ಲ. ನಾನು ಕೊನೆಯ ಸಲ ಕಟ್ಟುವಾಗ ಒಂದು ಪೇಪರಿಗೆ ₹200 ಇತ್ತು, ದಿನ ಮೀರಿದರೆ ₹1,100 ದಂಡ ಸೇರುತ್ತಿತ್ತು. ಅಂಗಡಿ ಸಂಬಳದವರಿಗೆ ಆ ದಂಡ ಸಣ್ಣದಲ್ಲ, ಫಾರಂ ತೆರೆದ ವಾರದಲ್ಲೇ ತುಂಬಿಬಿಡಿ. ಮರುಮೌಲ್ಯಮಾಪನಕ್ಕೂ ಹಾಕಬಹುದು, ₹750 ಇತ್ತು, ಎರಡು ಮಾರ್ಕಿನಲ್ಲಿ ಯಾವುದು ಹೆಚ್ಚೋ ಅದನ್ನೇ ಹಿಡೀತಾರೆ. ಚೆನ್ನಾಗಿ ಬರೆದಿದ್ದೆ ಅನ್ನುವ ಧೈರ್ಯ ನಿಮಗಿದ್ದರೆ ಮಾತ್ರ ಹಾಕಿ. ನಾನಾಗಿದ್ದರೆ ಆ ದುಡ್ಡನ್ನು ಉಳಿಸಿ ಇನ್ನೊಮ್ಮೆ ಓದಿ ಬರೆಯುತ್ತಿದ್ದೆ.

ಬಾಕಿ ಪೇಪರ್ ಇದ್ದರೂ ಮೂರನೇ ವರ್ಷದ ರೀ-ರಿಜಿಸ್ಟ್ರೇಶನ್‌ಗೆ (ಆ ವರ್ಷಕ್ಕೆ ಹೆಸರು ನೋಂದಾಯಿಸಲಿಕ್ಕೆ) ಅಡ್ಡಿಯಿಲ್ಲ; ಮಾಡಿರದಿದ್ದರೆ ಮುಂದಿನ ಸಲ ತೆರೆದಾಗ ಮಾಡಿ. ಬಿಎ ಮುಗಿಸಲಿಕ್ಕೆ ಆರು ವರ್ಷದ ವರೆಗೆ ಸಮಯ. ನಿಮ್ಮ ಲೆಕ್ಕದಲ್ಲಿ ಅದು 2028ರ ಜೂನ್. ಅದು ದಾಟಿದರೆ ಮಾತ್ರ ಉಳಿದ ಪೇಪರ್‌ಗಳಿಗೆ ದುಡ್ಡು ಕಟ್ಟಿ ಮರುಪ್ರವೇಶ ಪಡೆಯಬೇಕಾಗ್ತದೆ.

ಮನೆಯವರಿಗೆ ಗ್ರೇಡ್ ಕಾರ್ಡ್ ತೆರೆದು ತೋರಿಸಿ. ಎರಡನೇ ವರ್ಷದಲ್ಲಿ ಬಾಕಿ ಇರುವುದು ಮೂರು ಫೈಲು, ಒಂದು ಪರೀಕ್ಷೆ, ಇಷ್ಟೇ ಅಂತ ಬೆರಳಿಟ್ಟು ಹೇಳಿ. ಆ 31 ಬಂದ ಪೇಪರ್ ಯಾವುದು ಅಂತ ಇಲ್ಲೇ ಬರೆಯಿರಿ. ಸಮಾಜಶಾಸ್ತ್ರ ಅಥವಾ ಇತಿಹಾಸ ಆಗಿದ್ದರೆ, ನಾನು ಕನ್ನಡದಲ್ಲಿ ಬರೆದಿಟ್ಟ ನೋಟ್ಸ್ ಎರಡು ಪುಸ್ತಕ ಉಂಟು, ಫೋಟೊ ಹಿಡಿದು ಹಾಕ್ತೇನೆ.