ಮುಂಬೈಗೆ ವಾಪಸ್ ಹೋಗಲೇ ಅಂತ ಕೇಳಿದ್ದೀರಿ. ನಾನು ಹೋಗಿದ್ದೆ

ಹುಟ್ಟಿ ಬೆಳೆದ ಮುಂಬೈಗೆ ಹದಿನೈದು ವರ್ಷದ ಮೇಲೆ ನಾಲ್ಕು ದಿನ ಹೋಗಿ ಬಂದಿರಿ, ಆವತ್ತಿನಿಂದ ಮನಸ್ಸು ನಿಲ್ಲುತ್ತಿಲ್ಲ, ನಾನು ಯಾವ ಊರಿನವನು ಅಂತಲೇ ತಿಳಿಯುತ್ತಿಲ್ಲ, ಹೆಂಡತಿ ಮಗನನ್ನು ಕರೆದುಕೊಂಡು ಅಲ್ಲಿಗೇ ಹೋಗಿಬಿಡಲೇ ಅಂತ ಕೇಳಿದ್ದೀರಿ. ಬೇಡ. ಇದನ್ನು ಓದುವಷ್ಟರಲ್ಲಿ ನೀವು ಬಾಡಿಗೆ ಮನೆಗೆ ಮುಂಗಡ ಕೊಟ್ಟಿರದಿದ್ದರೆ ಸಾಕು.

ನಾನು ಬೆಳೆದದ್ದು ಮುಂಬೈ ಹೊರವಲಯದ ಡೊಂಬಿವಲಿಯ ಒಂದು ಚಾಳಿನಲ್ಲಿ, ಅಂದರೆ ಸಾಲು ರೂಮುಗಳ ಕಟ್ಟಡದಲ್ಲಿ. ಒಂದೇ ರೂಮು, ಐದು ಜನ. ಅಪ್ಪ ದಾದರಿನ ಹೋಟೆಲೊಂದರಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದರು. ಕೊಂಕಣ ರೈಲು ಇನ್ನೂ ಇರಲಿಲ್ಲ. ಮೇ ರಜೆಗೆ ಒಂದು ಹಗಲು ಒಂದು ರಾತ್ರಿ ಬಸ್ಸಿನಲ್ಲಿ ಕೂತು ಕುಂದಾಪುರದಲ್ಲಿ ಇಳಿದರೆ ಸಿಕ್ಕವರೆಲ್ಲ ಕೇಳುತ್ತಿದ್ದದ್ದು ಒಂದೇ: "ಯಾವಾಗ ಬಂದದ್ದ್? ಯಾವಾಗ ಹೋಪುದ್?" ಬಂದದ್ದು, ಹೋಗುವುದು, ಎರಡೂ ಒಂದೇ ಉಸಿರಿನಲ್ಲಿ. ಡೊಂಬಿವಲಿಯಲ್ಲಿ ನಾವು ಮದ್ರಾಸಿಗಳು, ಊರಿನಲ್ಲಿ ಬೊಂಬಾಯಿಯವರು. ನೀವು ಬರೆದ ಸಂಕಟ ನನಗೆ ಎಂಟು ವರ್ಷದವನಿದ್ದಾಗಲೇ ಗೊತ್ತು.

1999ರಲ್ಲಿ ಅಪ್ಪನಿಗೆ ಕೈಲಾಗದೆ ರೂಮು ಮಾರಿ ಎಲ್ಲರೂ ಊರಿಗೆ ಬಂದೆವು. ಆಗ ನನಗೆ 22. ಇಲ್ಲೇ ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವ ಕೆಲಸ, ಮದುವೆ, ಮಗಳು. ಹದಿನಾರು ವರ್ಷ ಹೀಗೇ ಕಳೆಯಿತು.

2015ರ ಡಿಸೆಂಬರಿನಲ್ಲಿ ಅತ್ತೆಯ ಮಗನ ಮದುವೆಗೆ ಅಂತ ಒಬ್ಬನೇ ಹೋದೆ. ಮದುವೆಯ ಮರುದಿನ ನಮ್ಮ ಹಳೆಯ ಚಾಳಿಗೂ ಹೋದೆ. ಬಾಗಿಲಲ್ಲೇ ಅಮ್ಮನ ಕಡೆಯುವ ಕಲ್ಲು ಇತ್ತು. ಊರಿನಿಂದ ಬಸ್ಸಿನ ಟಾಪಿನಲ್ಲಿ ಹಾಕಿ ತಂದ ಕಲ್ಲು ಅದು. ಬರುವಾಗ ಹೊರಲಾಗದೆ ಅಲ್ಲೇ ಬಿಟ್ಟಿದ್ದೆವು. ಗುಂಡು ಇರಲಿಲ್ಲ. ಕುಳಿಯಲ್ಲಿ ಮಣ್ಣು ತುಂಬಿ ತುಳಸಿ ನೆಟ್ಟಿದ್ದರು. ಅಮ್ಮನ ಬಲಗೈ ಊರುತ್ತಿದ್ದ ಕಡೆ ಅಂಚು ಸವೆದು ನುಣುಪಾಗಿತ್ತು, ಅದು ಹಾಗೇ ಇತ್ತು. ಈಗ ಆ ಮನೆಯಲ್ಲಿರುವ ಹೆಂಗಸು ನನ್ನ ಮುಖ ನೋಡಿ, ಬೇಕಾದರೆ ತಗೊಂಡು ಹೋಗಿ ಅಂದರು. ನಾನು ಮೆಟ್ಟಿಲ ಮೇಲೆ ಕೂತು ಅತ್ತೆ. ಆ ರಾತ್ರಿಯೇ ತೀರ್ಮಾನ ಮಾಡಿಬಿಟ್ಟೆ: ಇದೇ ನನ್ನ ಊರು, ಬಂದುಬಿಡುತ್ತೇನೆ.

ನನ್ನ ತಪ್ಪು ಇರುವುದು ಇಲ್ಲೇ. ಇದನ್ನು ಬಿಡಿಸಿ ಹೇಳಲೇಬೇಕು, ಯಾಕೆಂದರೆ ನೀವು ಬರೆದ ನಾಲ್ಕು ದಿನಗಳೂ ನನ್ನವೂ ಒಂದೇ ಥರ ಇವೆ. ನಾನು ಹೋದದ್ದು ಡಿಸೆಂಬರಿನಲ್ಲಿ, ಮುಂಬೈಯಲ್ಲಿ ಬೆವರಿಲ್ಲದೆ ನಡೆಯಬಹುದಾದ ತಿಂಗಳು. ಉಳಿದದ್ದು ಅತ್ತೆಯ ಮನೆಯಲ್ಲಿ, ತಟ್ಟೆ ತೊಳೆಯಲೂ ಬಿಡಲಿಲ್ಲ. ಮಾಟುಂಗಕ್ಕೆ ಹೋಗಿ ಕಿಂಗ್ಸ್ ಸರ್ಕಲ್ ಹತ್ತಿರ ಇಡ್ಲಿ ತಿಂದು, ಮಲ್ಲಿಗೆ ಕಟ್ಟುವವರ ಮುಂದೆ ನಿಂತು ಬಂದೆ. ಅದಕ್ಕೆ ಲೋಕಲ್ ರೈಲು ಹತ್ತಿದ್ದು ಬೆಳಗ್ಗೆ ಹನ್ನೊಂದಕ್ಕೆ. ಕಿಟಕಿ ಸೀಟು ಸಿಕ್ಕಿತು! ಮುಖಕ್ಕೆ ಗಾಳಿ ಬೀಸುವಾಗ ಈ ಊರು ನನ್ನನ್ನು ಮರೆತಿಲ್ಲ ಅನ್ನಿಸಿತು. ಎಂಟೂಕಾಲರ ಫಾಸ್ಟ್ ಗಾಡಿಗೆ ಅದೇ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದರೆ ನನ್ನ ಜೀವನ ಬೇರೆಯಾಗುತ್ತಿತ್ತು.

ಇನ್ನೂ ಒಂದು, ಇದು ಹೊಳೆಯಲು ನನಗೆ ಒಂದು ವರ್ಷ ಬೇಕಾಯಿತು. ಆ ಊರಿನಲ್ಲಿ 22 ವರ್ಷ ಇದ್ದರೂ ನಾನು ಒಂದು ಸಲವೂ ಕರೆಂಟ್ ಬಿಲ್ ಕಟ್ಟಿರಲಿಲ್ಲ. ರೇಷನ್ನು, ಗ್ಯಾಸು, ನೀರಿನ ಜಗಳ ಎಲ್ಲ ಅಪ್ಪ ಅಮ್ಮನದು. ನನಗೆ ಗೊತ್ತಿದ್ದದ್ದು ಮಗನಾಗಿ ಇದ್ದ ಮುಂಬೈ. ಮನೆ ನಡೆಸುವವನ ಮುಂಬೈ ಎಂಥದ್ದು ಅಂತ ಅಪ್ಪನನ್ನು ಕೇಳಬಹುದಿತ್ತು, ಆಗಿನ್ನೂ ಬದುಕಿದ್ದರು. ಅವರು ಬೇಡ ಅಂದಾರು ಅಂತ ಕೇಳಲೇ ಇಲ್ಲ.

2016ರ ಜೂನಿನಲ್ಲಿ ಕೆಲಸ ಬಿಟ್ಟು ಹೋದೆವು. ಡೊಂಬಿವಲಿಯಲ್ಲೇ ಬಾಡಿಗೆ ಮನೆ, ಮುಂಬೈಯ ದಕ್ಷಿಣ ತುದಿಯ ಮಸ್ಜಿದ್ ಬಂದರಿನ ಒಂದು ಗೋದಾಮಿನಲ್ಲಿ ಲೆಕ್ಕದ ಕೆಲಸ. ಬೆಳಗ್ಗಿನ ಗಾಡಿಗಳು ಹಿಂದಿನ ಸ್ಟೇಷನ್ನುಗಳಾದ ಬದಲಾಪುರ, ಅಂಬರನಾಥ, ಕಲ್ಯಾಣದಲ್ಲೇ ತುಂಬಿ ಬರುತ್ತವೆ. ಸೀಟು ಬೇಕಾದವರು ಮೊದಲು ಹಿಂದಕ್ಕೆ ಕಲ್ಯಾಣಕ್ಕೆ ಹೋಗಿ ಅಲ್ಲಿಂದ ಕೂತು ಬರುತ್ತಾರೆ. ನಾನೂ ಹಾಗೇ ಮಾಡಿದೆ. ಅದಕ್ಕೆ ಮನೆಯಿಂದ ಅರ್ಧ ಗಂಟೆ ಮೊದಲೇ ಹೊರಡಬೇಕು. ರಾತ್ರಿ ಮನೆ ಸೇರುವಾಗ ಒಂಬತ್ತು.

ಇದನ್ನೆಲ್ಲ ನಾನು ತಡೆದುಕೊಳ್ಳುತ್ತಿದ್ದೆ. ಮಗಳ ಕಥೆ ಬೇರೆ. ಅವಳು ಏಳನೇ ತರಗತಿಯವರೆಗೆ ಕುಂದಾಪುರದಲ್ಲಿ ಓದಿದವಳು. ಡೊಂಬಿವಲಿಯಲ್ಲಿ ಎಂಟಕ್ಕೆ ಸೇರಿಸಿದೆ. ಇಂಗ್ಲಿಷ್ ಮಾಧ್ಯಮದಲ್ಲೂ ಮರಾಠಿ ಇದ್ದೇ ಇದೆ. ನನಗೆ ಮರಾಠಿ ಬೀದಿಯಲ್ಲೇ ಬಂದಿತ್ತು, ಅವಳಿಗೂ ಮೂರು ತಿಂಗಳಲ್ಲಿ ಬರುತ್ತದೆ ಅಂದುಕೊಂಡೆ. ಬರಲಿಲ್ಲ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನೂರಕ್ಕೆ ಹನ್ನೊಂದು. ಅವಳು ಮಾತನಾಡಿದರೆ ಕ್ಲಾಸಿನಲ್ಲಿ ನಗುತ್ತಾರೆ ಅಂತ ಮಾತೇ ಬಿಟ್ಟಳು. ಒಂದು ರಾತ್ರಿ ಬಂದಾಗ ಮೂರನೇ ತರಗತಿಯ ಮರಾಠಿ ಪುಸ್ತಕ ಮುಂದಿಟ್ಟುಕೊಂಡು, ಪ್ರತಿ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಕನ್ನಡ ಅಕ್ಷರದಲ್ಲಿ ಉಚ್ಚಾರ ಬರೆಯುತ್ತಿದ್ದಳು. ತಲೆ ಎತ್ತದೆ ಕೇಳಿದಳು: "ಅಪ್ಪಾ, ನಾವು ಊರಿಗೆ ಯಾವಾಗ ಹೋಪುದ್?"

ನನ್ನ ಹಳೆಯ ನೋವು ಕಳೆಯಲಿ ಅಂತ ಅದನ್ನು ಎತ್ತಿ ಅವಳ ತಲೆಯ ಮೇಲೆ ಇಟ್ಟಿದ್ದೆ.

ಒಂಬತ್ತನೇ ತರಗತಿ ಮುಗಿಸಿಕೊಂಡು 2018ರ ಏಪ್ರಿಲಿನಲ್ಲಿ ಮತ್ಸ್ಯಗಂಧ ರೈಲು ಹತ್ತಿ ವಾಪಸ್ ಬಂದೆವು. ಹಳೆಯ ಸಂಘದಲ್ಲಿ ಮತ್ತೆ ತೆಗೆದುಕೊಂಡರು, ಆದರೆ ಹೊಸಬನ ಸಂಬಳಕ್ಕೆ. ಹದಿನಾರು ವರ್ಷದ ಸರ್ವಿಸ್ ಹೋಯಿತು. ಎರಡು ವರ್ಷ ಕನ್ನಡ ಪಾಠ ಬಿಟ್ಟಿದ್ದ ಮಗಳು ಹತ್ತನೇ ತರಗತಿಗೆ ಕಣ್ಣೀರು ಹಾಕಿ ಓದಿದಳು. ಮತ್ತೆ, ಇದನ್ನು ಹೇಳಲು ಈಗಲೂ ಕಷ್ಟ: ಆ 22 ತಿಂಗಳಲ್ಲಿ ಅಮ್ಮನ ಕಲ್ಲನ್ನು ನೋಡಲು ನಾನು ಒಂದು ಸಲವೂ ಹೋಗಲಿಲ್ಲ. ಹತ್ತು ನಿಮಿಷದ ದಾರಿ. ಭಾನುವಾರ ಬಂದರೆ ನಿದ್ದೆ, ಕೊತ್ತಂಬರಿ, ಇಸ್ತ್ರಿ.

ಆದ್ದರಿಂದ ನೀವು ಕೇಳಿದ "ನಾನು ಯಾವ ಊರಿನವನು" ಅನ್ನುವ ಪ್ರಶ್ನೆಗೆ ಮನೆ ಬದಲಾಯಿಸಿದರೆ ಉತ್ತರ ಸಿಗುತ್ತದೆ ಅನ್ನುವುದನ್ನೇ ನಾನು ಒಪ್ಪುವುದಿಲ್ಲ. ಎರಡು ಊರಿನವರಾಗಿಯೇ ಇರಿ, ನಾನು ಹಾಗೇ ಇದ್ದೇನೆ. ವರ್ಷಕ್ಕೊಮ್ಮೆ ಹೋಗುತ್ತೇನೆ, ಈಗ ಕಲ್ಲನ್ನೂ ನೋಡಿ ಬರುತ್ತೇನೆ. ನಿಮಗೆ ಅಷ್ಟು ಸಾಲದಿದ್ದರೆ ಜುಲೈಯಲ್ಲಿ ಒಂದು ತಿಂಗಳು ರಜೆ ಹಾಕಿ ಒಬ್ಬರೇ ಹೋಗಿ. ನೆಂಟರ ಮನೆ ಬೇಡ, ಬಾಡಿಗೆಗೆ ರೂಮು ಹಿಡಿಯಿರಿ. ದಿನಾ ಎಂಟೂಕಾಲರ ಗಾಡಿ ಹತ್ತಿ, ಮಳೆಗೆ ಲೋಕಲ್ ನಿಂತ ದಿನ ಹಳಿಯ ಮೇಲೆ ನಡೆದು ಬನ್ನಿ.

ನಿಮ್ಮ ಮಗ ಎಷ್ಟನೇ ತರಗತಿ ಅಂತ ಬರೆದಿಲ್ಲ. ಅದನ್ನು ಮೊದಲು ಹೇಳಿ.