ಇಲ್ಮೆನಾವ್‌ನಂಥ ಸಣ್ಣ ಜರ್ಮನ್ ಊರಿನಲ್ಲಿ ಲೈವ್ ಸಂಗೀತ ಸಿಗುತ್ತದಾ, ಇಲ್ಲಾ ಬರ್ಲಿನ್‌ಗೇ ಹೋಗಬೇಕಾ?

ಬರ್ಲಿನ್‌ಗೆ ಹೋಗಬೇಕಾಗಿಲ್ಲ. ನಾನು ಇಲ್ಮೆನಾವ್‌ನಲ್ಲೇ ಮಾಸ್ಟರ್ಸ್ ಮಾಡಿ, ಈಗ ಹತ್ತಿರದಲ್ಲೇ ಕೆಲಸದಲ್ಲಿದ್ದೇನೆ. "ಅಲ್ಲಿ ಕಾಡು, ಚಳಿ ಬಿಟ್ಟರೆ ಏನೂ ಇಲ್ಲ" ಅಂತ ಹೇಳುವವರು ಪ್ರಾಯಶಃ ಸುತ್ತಮುತ್ತ ಓಡಾಡಿಲ್ಲ. ಇಲ್ಮೆನಾವ್ ಇರುವ ಟ್ಯೂರಿಂಗನ್ ರಾಜ್ಯ ಅಂದರೆ ಹೆಸರಾಂತ ಸಂಗೀತ ರಚನಾಕಾರ ಬಾಖ್ ಹುಟ್ಟಿದ ಸೀಮೆ.

ಮೊದಲು ಅರ್ನ್‌ಷ್ಟಾಟ್‌ಗೆ ಹೋಗಿ. ಎರ್‌ಫುರ್ಟ್‌ಗೆ ಹೋಗುವ ರೈಲು ದಾರಿಯಲ್ಲೇ ಇದೆ. 1703ರಲ್ಲಿ, ಹದಿನೆಂಟರ ಹುಡುಗ ಬಾಖ್‌ಗೆ ಇಲ್ಲಿನ ಚರ್ಚಿನಲ್ಲಿ ಆರ್ಗನ್ (ಕೊಳವೆಗಳಲ್ಲಿ ಗಾಳಿ ಹಾಯಿಸಿ ನುಡಿಸುವ ದೊಡ್ಡ ವಾದ್ಯ) ನುಡಿಸುವ ಕೆಲಸ ಸಿಕ್ಕಿತು. ಎರಡು ವರ್ಷದ ನಂತರ, ಬುಕ್ಸ್‌ಟೆಹೂಡೆ ಎಂಬ ಹಿರಿಯ ವಾದಕರನ್ನು ಕೇಳಬೇಕು ಅಂತ ನಾಲ್ಕು ವಾರ ರಜೆ ಹಾಕಿ, ಸುಮಾರು 400 ಕಿ.ಮೀ. ದೂರದ ಲ್ಯೂಬೆಕ್‌ಗೆ ನಡೆದುಕೊಂಡೇ ಹೋದ. ಬಂದಿದ್ದು ಸುಮಾರು ನಾಲ್ಕು ತಿಂಗಳ ಮೇಲೆ! ಚರ್ಚಿನವರು ಕರೆದು ವಿಚಾರಿಸಿದರು, ಅದು ದಾಖಲೆಯಲ್ಲೇ ಇದೆ. ಆ ಆರ್ಗನ್ನನ್ನು ಮತ್ತೆ ಹಳೆಯ ರೂಪಕ್ಕೆ ತಂದಿದ್ದಾರೆ, ಸಂಗೀತ ಕಚೇರಿಗಳು ನಡೆಯುತ್ತವೆ. ವಾದಕರು ಕಾಲಿನಿಂದ ಮಂದ್ರದ ಸ್ವರ ಒತ್ತಿ ಹಿಡಿದಾಗ ಕೂತ ಮರದ ಬೆಂಚೇ ಸಣ್ಣಗೆ ನಡುಗುತ್ತದೆ. ಹೆಡ್‌ಫೋನ್‌ನಲ್ಲಿ ಇದು ಎಲ್ಲಿ ಸಿಗಬೇಕು?

ಇನ್ನೊಂದು ಕಡೆ ಮೈನಿಂಗನ್. ಜನಸಂಖ್ಯೆ ಸುಮಾರು 25 ಸಾವಿರ, ನಮ್ಮಲ್ಲಾದರೆ ಒಂದು ತಾಲ್ಲೂಕು ಕೇಂದ್ರದಷ್ಟು. ಅಷ್ಟಕ್ಕೇ ಸ್ವಂತ ನಾಟಕಶಾಲೆ, 1690ರಿಂದ ಬಂದ ಸ್ವಂತ ಆರ್ಕೆಸ್ಟ್ರಾ. ಸಂಗೀತ ರಚನಾಕಾರ ಬ್ರಾಮ್ಸ್ ತಮ್ಮ ನಾಲ್ಕನೇ ಸಿಂಫನಿಯನ್ನು (ಆರ್ಕೆಸ್ಟ್ರಾಕ್ಕೆಂದು ಬರೆದ ದೊಡ್ಡ ಕೃತಿ) ಮೊದಲ ಸಲ ನುಡಿಸಿದ್ದು ಇದೇ ಆರ್ಕೆಸ್ಟ್ರಾದಿಂದ, ಇದೇ ಊರಿನಲ್ಲಿ, 1885ರ ಅಕ್ಟೋಬರ್ 25ರಂದು. ವಿದ್ಯಾರ್ಥಿಗಳಿಗೆ ಟಿಕೆಟ್ ದರದಲ್ಲಿ ರಿಯಾಯಿತಿ ಇರುತ್ತದೆ, ಕೇಳಿ. ರಾತ್ರಿ ವಾಪಸ್ ಬರುವ ಕೊನೆಯ ರೈಲು ಎಷ್ಟಕ್ಕೆ ಅಂತ ನೋಡಿಕೊಂಡೇ ಬುಕ್ ಮಾಡಿ. ಪ್ಲಾವೆಯಲ್ಲಿ ರೈಲು ಬದಲಿಸಬೇಕಾಗುತ್ತದೆ.

ಜುಲೈ ಮೊದಲ ವಾರಾಂತ್ಯಕ್ಕೆ ರುಡೋಲ್‌ಷ್ಟಾಟ್‌ನ ಜಾನಪದ ಸಂಗೀತ ಉತ್ಸವ. ಬೇರೆ ಬೇರೆ ದೇಶದವರು ಬೀದಿಯಲ್ಲಿ, ಪಾರ್ಕಿನಲ್ಲಿ, ಮೇಲೆ ಅರಮನೆ ಅಂಗಳದಲ್ಲಿ ನುಡಿಸುತ್ತಾರೆ.

ಆದರೆ ನನಗೆ ಇವೆಲ್ಲಕ್ಕಿಂತ ಜಾಸ್ತಿ ಇಷ್ಟ ಊರಿನವರೇ ಹಾಡುವ ಕಚೇರಿಗಳು. ಚರ್ಚ್ ಬಾಗಿಲ ಪಕ್ಕದ ಗಾಜಿನ ಫಲಕ ನೋಡುತ್ತಿರಿ, ಪೋಸ್ಟರ್ ಅಲ್ಲೇ ಅಂಟಿಸಿರುತ್ತಾರೆ. ಎಷ್ಟೋ ಕಚೇರಿಗೆ ಟಿಕೆಟ್ಟೇ ಇರಲ್ಲ, ಹೊರಗೆ ಬರುವಾಗ ಬುಟ್ಟಿಗೆ ಕೈಲಾದಷ್ಟು ಹಾಕಿದರೆ ಆಯಿತು. ಡಿಸೆಂಬರಿನಲ್ಲಿ ಬಾಖ್‌ನ ಕ್ರಿಸ್‌ಮಸ್ ಒರಟೋರಿಯೊ (ಗಾಯಕರು, ಆರ್ಕೆಸ್ಟ್ರಾ ಸೇರಿ ಹಾಡಿ ಹೇಳುವ ಧಾರ್ಮಿಕ ಕಥನ) ಒಂದಲ್ಲ ಒಂದು ಊರಿನಲ್ಲಿ ಇದ್ದೇ ಇರುತ್ತದೆ. ಹಿತ್ತಾಳೆ ವಾದ್ಯದ ಚರ್ಚ್ ತಂಡಗಳನ್ನೂ ತಪ್ಪದೆ ಕೇಳಿ. ಶಾಲೆ ಮಕ್ಕಳು, ನಿವೃತ್ತರು ಒಂದೇ ಸಾಲಿನಲ್ಲಿ, ಬೆರಳ ತುದಿ ಕತ್ತರಿಸಿದ ಗ್ಲೌಸ್ ಹಾಕಿಕೊಂಡು ಚಳಿಯಲ್ಲೇ ನಿಂತು ಊದುತ್ತಾರೆ. ಕಚೇರಿಗೆ ಹೋಗುವಾಗ ದಪ್ಪ ಜಾಕೆಟ್ ಇರಲಿ, ಹಳೆಯ ಚರ್ಚುಗಳ ಒಳಗೂ ಚಳಿಯೇ. ನಮ್ಮ ಹಾಗೆ ತಾಳ ಹಾಕುತ್ತಾ ಕೇಳುವ ರೂಢಿ ಇಲ್ಲಿಲ್ಲ. ಕೆಮ್ಮು ಬಂದರೂ ಒಂದು ಭಾಗ ಮುಗಿಯುವ ತನಕ ತಡೆದುಕೊಳ್ಳುತ್ತಾರೆ. ಚಪ್ಪಾಳೆ ತಟ್ಟುವುದು ಕೃತಿ ಪೂರ್ತಿ ಮುಗಿದ ಮೇಲೆಯೇ.

ನಿಮಗೆ ಹಾಡಲು ಬಂದರೆ ಸುಮ್ನೆ ಕೇಳುತ್ತಾ ಕೂರಬೇಡಿ, ಗಾಯನ ತಂಡ ಸೇರಿ. ಚರ್ಚಿನ ತಂಡ ಆದರೂ ಬೇರೆ ಧರ್ಮದವರನ್ನು ಸಾಮಾನ್ಯವಾಗಿ ಸಂತೋಷದಿಂದಲೇ ಸೇರಿಸಿಕೊಳ್ಳುತ್ತಾರೆ. ನೊಟೇಶನ್ ಓದಲು ಬರಲ್ಲ ಅಂತ ಹಿಂಜರಿಯಬೇಡಿ. ಕೇಳಿ ಕಲಿಯುವುದು ನಮಗೆ ರೂಢಿ ಅಲ್ವಾ? ಪಕ್ಕದಲ್ಲಿ ಹಳಬರೊಬ್ಬರು ನಿಂತರೆ ಸಾಕು. ಅಕ್ಟೋಬರಿನಲ್ಲಿ ಸೆಮಿಸ್ಟರ್ ಶುರುವಾದ ಕೂಡಲೇ ವಿಚಾರಿಸಿ, ಕ್ರಿಸ್‌ಮಸ್ ಕಚೇರಿಯ ತಾಲೀಮು ಆಗಲೇ ನಡೆಯುತ್ತಿರುತ್ತದೆ.